ತಗಡಿನ ಮೇಲೆ ಹಸಿರು ಗುರುತು

ಬೂದಗೋಳ, ಸುರಪುರದ ಕಡೆ
9 ಫೆಬ್ರವರಿ 2025

ತಂಗಿ ಶಾಂತಲಾ,

ಕ್ಷೇಮದ ಮಾತು ಆಮೇಲೆ. ಮೊದಲು ಕೆಲಸ.

ನಮ್ಮೂರಿನ ಶಿವಪುತ್ರ, ಅವನ ಹೆಂಡತಿ ಹಣಮವ್ವ, ಕೂಸು ಶೀತಲ್, ಮೂವರೂ ಜನವರಿ ಇಪ್ಪತ್ತೊಂಬತ್ತರ ಬುಧವಾರ ಬೆಂಗಳೂರು ಬಸ್ಸು ಹತ್ತಿದರು. ಬಾಗಲೂರಿನ ಹತ್ತಿರ ಯಾವುದೋ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಕೆಲಸವಂತೆ. ಮೇಸ್ತ್ರಿ ಹೇಳಿದ ಗುರುತು ಇಷ್ಟೇ: ಕೆರೆಯ ಪಕ್ಕ, ಹಳದಿ ಕ್ರೇನು. ನಮ್ಮ ಆಶಾ ಕಾರ್ಯಕರ್ತೆಯರ ಧರಣಿಯಲ್ಲಿ ಒಂದೇ ತಾಡಪಾಲಿನ ಮೇಲೆ ಮೂರು ದಿನ ಕೂತಿದ್ದಾಗ ನೀನು ನಿನ್ನ ಏರಿಯಾದ ಬಗ್ಗೆ ಹೇಳುತ್ತಿದ್ದೆಯಲ್ಲ, ಕೆರೆಯ ಸುತ್ತ ಕಟ್ಟಡ ಏಳುತ್ತಿವೆ, ಕೂಲಿಯವರೆಲ್ಲ ನಿಮ್ಮ ಕಡೆಯವರೇ ಎಂದು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಶೀತಲ್ ಹೋದ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ಹುಟ್ಟಿದವಳು. ಹಣಮವ್ವನನ್ನು ಹೆರಿಗೆಗೆ ಟಂಟಂ ಆಟೋದಲ್ಲಿ ಕರೆದೊಯ್ದವಳು ನಾನು. ಈಗ ಕೂಸಿಗೆ ಒಂಬತ್ತು ತಿಂಗಳು ತುಂಬಿದೆ. ಕೂಸಿನ ಲಸಿಕೆಗಳನ್ನು ಬರೆದ ತಾಯಿ ಕಾರ್ಡು ಅವರ ಹತ್ತಿರವೇ ಇದೆ. ಕಾರ್ಡಿನಲ್ಲಿ ಏನೇ ಇರಲಿ, ಒಂದು ಗುರುವಾರ ಅವಳನ್ನು ನಿಮ್ಮ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ದಡಾರದ ಸೂಜಿ ಹಾಕಿಸಿಬಿಡು. ಒಂದು ಹೆಚ್ಚಾದರೆ ಏನೂ ಆಗುವುದಿಲ್ಲ ಎಂದು ನಮ್ಮ ನರ್ಸು ಕನೀಜ್ ಸಿಸ್ಟರ್ ಹೇಳಿದ್ದಾರೆ.

ಫೋನು ಮಾಡಬಹುದಿತ್ತು. ಆದರೆ ಧರಣಿಯಲ್ಲಿ ನಾವು ಆಡಿಕೊಂಡ ಮಾತು ನೆನಪಿದೆಯಲ್ಲ. ಫೋನಿನಲ್ಲಿ ಹೇಳಿದ್ದನ್ನು ಯಾರು ಬೇಕಾದರೂ ಹೇಳಿಲ್ಲ ಎನ್ನಬಹುದು. ವಾಟ್ಸಾಪಿನಲ್ಲಿ ಹಾಕಿದ್ದು ಮೇಲ್ವಿಚಾರಕಿಯ ಫೋನಿನಲ್ಲಿ ಹೋಗಿ ಕೂರುತ್ತದೆ. ಆಶಾ ಕಾರ್ಯಕರ್ತೆಯರು ಕೆಲಸದ ಮಾತನ್ನು ಒಬ್ಬರಿಗೊಬ್ಬರು ಬರೆದೇ ತಿಳಿಸಬೇಕು.

ನಿನ್ನ ಅಕ್ಕ,
ಶರಣವ್ವ


ಚನ್ನಿಗನಪಾಳ್ಯ, ಬಾಗಲೂರು ಹತ್ತಿರ
2 ಮಾರ್ಚ್ 2025

ಶರಣವ್ವಕ್ಕನವರಿಗೆ,

ಸಿಕ್ಕರು. ಹಳದಿ ಕ್ರೇನು ಇಲ್ಲಿ ಆರು ಇವೆ, ಆದರೂ ಸಿಕ್ಕರು.

ಅದು ನಮ್ಮೂರಿನ ರಾಮಕೃಷ್ಣಪ್ಪನವರ ರಾಗಿ ಹೊಲವಾಗಿತ್ತು. ಈಗ ಹದಿನಾಲ್ಕು ಮಹಡಿ ಏಳುತ್ತಿದೆ. ಹಿಂದುಗಡೆ ಎಪ್ಪತ್ತೆರಡು ತಗಡಿನ ಶೆಡ್ಡು, ಜನವರಿ ಕೊನೆಗೆ ಎದ್ದದ್ದು. ನಾನು ರಿಜಿಸ್ಟರು ಹಿಡಿದು ಹೋಗುವುದನ್ನು ನೋಡಿ ರಾಮಕೃಷ್ಣಪ್ಪ, “ಎಂಗೋ ಬತ್ತವೆ, ಎಂಗೋ ಓಯ್ತವೆ, ನಮ್ ಊರ್ ಮಕ್ಳಾ ಅವು? ಯಾಕಮ್ಮ ಬಿಸ್ಲಲ್ಲಿ ಸಾಯ್ತೀಯಾ” ಎಂದರು. ಹೊಲ ಮಾರಿದವರಿಗೆ ಬಿಸಿಲು ಹೆಚ್ಚು ಕಾಣುತ್ತದೆ.

ಸೈಟಿನ ಸೂಪರ್‌ವೈಸರ್ ಯೋಗಾನಂದ ಅಂತ ಒಬ್ಬ ಇದ್ದಾನೆ. “ಏನ್ ಮೇಡಂ, ವಾರಕ್ಕೆರಡು ಸಲ ಬರ್ತೀರಾ, ಫ್ಲಾಟ್ ಬುಕ್ ಮಾಡೋ ಪ್ಲಾನಾ?” ಎಂದ. “ಮಾಡೋಣ ಕಣ್ರೀ, ಮೊದ್ಲು ನಿಮ್ ಲೇಬರ್‌ಗೆ ನೆಟ್ಟಗೆ ಒಂದ್ ಕಕ್ಕಸು ಕಟ್ಸಿ, ಅದನ್ನ್ ನೋಡಿ ಬುಕ್ ಮಾಡ್ತೀನಿ” ಎಂದೆ. ಹೆಲ್ಮೆಟ್ ಕೊಟ್ಟು ಒಳಗೆ ಬಿಟ್ಟ.

ಇಲ್ಲಿ ಶೆಡ್ಡುಗಳ ಸಮೀಕ್ಷೆ ನಡೆದಿದೆ. ಮಕ್ಕಳ ಲಸಿಕೆ ಪೂರ್ತಿಯಾದ ಮನೆಯ ಬಾಗಿಲಿಗೆ ರೈಟು, ಬಾಕಿ ಇದ್ದರೆ ಇಂಟು. ರೈಟು ಬಿದ್ದ ಮನೆಗೆ ಮತ್ತೆ ಹೋಗಬೇಕಿಲ್ಲ. ಸೀಮೆಸುಣ್ಣ ತಗಡಿನ ಮೇಲೆ ನಿಲ್ಲುವುದಿಲ್ಲ, ಬೆಳಗಿನ ಮಂಜಿಗೇ ಅಳಿಸುತ್ತದೆ. ಅದಕ್ಕೆ ಹೋದ ವರ್ಷದಿಂದ ನಾನೇ ಒಂದು ಹಸಿರು ಪೇಂಟ್ ಡಬ್ಬಿ, ಸಣ್ಣ ಬ್ರಷ್ಷು ಇಟ್ಟುಕೊಂಡಿದ್ದೇನೆ. ಎರಡು ಮಳೆಗಾಲ ಕಂಡರೂ ಹೋಗದು. ಮೇಲ್ವಿಚಾರಕಿ ವೆಂಕಟಲಕ್ಷ್ಮಮ್ಮನವರು ಅದರ ಫೋಟೋ ತೆಗೆದು ಮೀಟಿಂಗಿನಲ್ಲಿ ತೋರಿಸಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನಗೆ ಚಪ್ಪಾಳೆ.

ಶೀತಲ್ ನಲವತ್ತೊಂದನೇ ಶೆಡ್ಡಿನಲ್ಲಿದ್ದಾಳೆ. ಸೀರೆಯ ಜೋಲಿಯಲ್ಲಿ ಮಲಗಿದ್ದಳು. ಹಣಮವ್ವ ಕೆಲಸಕ್ಕೆ ಹೋಗಿದ್ದಳು. ಬಾಗಿಲಿಗೆ ರೈಟು ಬಿದ್ದಿದೆ. ನಿಶ್ಚಿಂತೆಯಾಗಿರಿ.

ನಿಮ್ಮ,
ಶಾಂತಲಾ


ಬೂದಗೋಳ
28 ಮಾರ್ಚ್ 2025

ತಂಗಿ ಶಾಂತಲಾ,

ನಿನ್ನ ಪತ್ರ ಬಂತು. ಜೋಲಿ ನೋಡಿದೆ ಎಂದು ಬರೆದಿದ್ದೀ. ಕೂಸಿನ ಮುಖ ನೋಡಿದೆಯಾ? ಎಡಗಿವಿಯ ಹಿಂದೆ ಕಡಲೆಕಾಳಿನಷ್ಟು ಕರಿ ಮಚ್ಚೆ ಇದೆ.

ಸೂಜಿ ಹಾಕಿಸಿದೆಯೋ ಇಲ್ಲವೋ ಬರೆದಿಲ್ಲ. ಬಾಗಿಲಿನ ರೈಟಿನ ವಿಷಯ ನಾನು ಕೇಳಿಲ್ಲ. ಹಾಕಿಸಿ ಒಂದು ಸಾಲು ಬರಿ, ಅಷ್ಟು ಸಾಕು.

ಊರಲ್ಲಿ ಉಗಾದಿಗೆ ಮಂದಿ ಬರುತ್ತಿದ್ದಾರೆ. ಶಿವಪುತ್ರನ ಮನೆಯವರು ಬರುವುದಿಲ್ಲವಂತೆ.

ಶರಣವ್ವ


ಚನ್ನಿಗನಪಾಳ್ಯ
15 ಏಪ್ರಿಲ್ 2025

ಶರಣವ್ವಕ್ಕನವರಿಗೆ,

ನೀವು ಎರಡು ಸಲ ಬರೆದಿರಿ. ನನ್ನ ಕೆಲಸದ ಮೇಲೆ ಅನುಮಾನ ಇದ್ದರೆ ನೇರವಾಗಿ ಹೇಳಿ. ಸಾವಿರದ ಇನ್ನೂರು ಜನಸಂಖ್ಯೆಗೆ ಒಬ್ಬಳು ಎಂದು ನೇಮಿಸಿಕೊಂಡರು. ಇವತ್ತು ನನ್ನ ಏರಿಯಾದಲ್ಲಿ ಐದು ಸಾವಿರ ಜನ, ಅದರಲ್ಲಿ ಅರ್ಧ ಜನ ಮುಂದಿನ ತಿಂಗಳು ಇನ್ನೆಲ್ಲೋ. ಆದರೂ ಒಂದು ಮನೆ ಬಿಟ್ಟಿಲ್ಲ.

ಕಾರ್ಡು ಸರಿ ಇದೆ. ಪೂರ್ತಿಯಾದ ಮಗುವಿಗೆ ಮತ್ತೊಮ್ಮೆ ಚುಚ್ಚಿಸು ಎಂದರೆ ನಮ್ಮ ಸಿಸ್ಟರ್ ನನ್ನ ಮುಖ ನೋಡುತ್ತಾರೆ. ಎರಡನೇ ಡೋಸು ಹದಿನಾರು ತಿಂಗಳಿಗೆ. ಆಗಸ್ಟಿನಲ್ಲಿ ನಾನೇ ಕರೆದೊಯ್ಯುತ್ತೇನೆ.

ಶಾಂತಲಾ


ಚನ್ನಿಗನಪಾಳ್ಯ
30 ಮೇ 2025

ಅಕ್ಕಾ,

ಹದಿನೇಳರಂದು ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತೇನೆ.

ಮೇ ಎರಡನೇ ವಾರ ಶೆಡ್ಡುಗಳಲ್ಲಿ ಐದು ಮಕ್ಕಳಿಗೆ ಮೈಮೇಲೆ ಕೆಂಪು ದದ್ದು. ಯಾರೂ ಹೇಳಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ನೋಡಿ ನನಗೆ ಗೊತ್ತಾಯಿತು. ನಲವತ್ತೊಂದರಲ್ಲಿ ಬೇವಿನ ಸೊಪ್ಪು ನನ್ನ ಹಸಿರು ರೈಟಿನ ಮೇಲೇ ತೂಗುತ್ತಿತ್ತು. ಶೀತಲ್ ಉಸಿರಾಟಕ್ಕೆ ಎದೆ ಒಳಗೆ ಹೋಗುತ್ತಿತ್ತು. ಕಣ್ಣು ಕೀವು ಕಟ್ಟಿ ಅಂಟಿಕೊಂಡಿತ್ತು. ಹಣಮವ್ವ ಬಾಗಿಲಿಗೆ ಅಡ್ಡ ನಿಂತಳು. “ದವಾಖಾನಿ ಬ್ಯಾಡ್ರೀ ಯಕ್ಕಾ, ಅಮ್ಮ ಬಂದಾಳ, ಮುನಿಸ್ಕೋತಾಳ.”

“ಅಮ್ಮ ಮುನಿಸ್ಕೊಂಡ್ರೆ ನಾನ್ ಮಾತಾಡ್ತೀನಿ, ಮಗು ಎತ್ಕೋ” ಎಂದೆ.

ನಗರದ ದೊಡ್ಡ ಆಸ್ಪತ್ರೆಯಲ್ಲಿ ಮಗು ಹನ್ನೊಂದು ದಿನ ಇತ್ತು. ದಡಾರ, ಜೊತೆಗೆ ನ್ಯುಮೋನಿಯಾ. ಜೀವ ಉಳಿದಿದೆ. ಬಲಗಣ್ಣಿನ ಮೇಲೆ ಬಿಳಿ ಪೊರೆ ಬಿದ್ದಿದೆ. ಅದು ಕಾಣುವುದಿಲ್ಲ, ಮುಂದೆಯೂ ಕಾಣುವುದು ಕಷ್ಟ ಎಂದರು. ಡಾಕ್ಟರಮ್ಮ ಕಾರ್ಡು ತಿರುಗಿಸಿ ನೋಡಿ, “ಒಂಬತ್ತು ತಿಂಗಳ ಸೂಜಿ ಹಾಕಿದೆ ಅಂತಿದೆ, ವಿಟಮಿನ್ ಎ ಕೊಟ್ಟಿದೆ ಅಂತಿದೆ. ಎರಡೂ ಸಿಕ್ಕಿರೋ ಮಗುವಿಗೆ ಇಷ್ಟು ಜೋರಾಗಿ ಬರೋದು ಕಮ್ಮಿ” ಎಂದರು.

ಎರಡರ ಮುಂದೆಯೂ ನಿಮ್ಮ ರೈಟು ಇದೆ. ತಾರೀಖು 23 ಜನವರಿ.

ಇವತ್ತು ಮೇಲಿನ ಆಫೀಸಿನಿಂದ ನನಗೆ ಕಾರಣ ಕೇಳಿ ನೋಟಿಸು ಬಂತು. ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು, ಹದಿನೈದು ದಿನದಲ್ಲಿ ತಿಳಿಸಿ ಎಂದಿದೆ. ಸಂಬಳ ಕೇಳಿದಾಗ ನಾವು ಸ್ವಯಂಸೇವಕಿಯರು. ತಪ್ಪಾದ ದಿನ ಮಾತ್ರ ನೌಕರರು. ವೆಂಕಟಲಕ್ಷ್ಮಮ್ಮನವರು, “ನಿಂದೇನಿದೆಯೇ ಇದ್ರಲ್ಲಿ? ಆ ಕಡೆಯವ್ರ ಕಾರ್ಡು ನಂಬಿದೆ ಅಂತ ಬರ್ದ್‌ಬಿಡು, ಮುಗೀತು” ಎನ್ನುತ್ತಾರೆ.

ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಅವತ್ತು ಸೂಜಿ ಹಾಕಿದ್ದಿರಾ?

ಶಾಂತಲಾ


ಬೂದಗೋಳ
11 ಜೂನ್ 2025

ತಂಗಿ ಶಾಂತಲಾ,

ನಿನ್ನ ಪತ್ರ ಬಂದು ಆರು ದಿನವಾಯಿತು. ಮೂರು ಸಲ ಬರೆದು ಹರಿದೆ.

ಹಾಕಿರಲಿಲ್ಲ.

ಜನವರಿ ಇಪ್ಪತ್ಮೂರರ ಗುರುವಾರ ಅಂಗನವಾಡಿಗೆ ದಡಾರದ ಸೂಜಿಗೆ ಬಂದದ್ದು ಶೀತಲ್ ಒಬ್ಬಳೇ. ಆ ವಯಲ್ಲಿನ ಸಣ್ಣ ಸೀಸೆಯಲ್ಲಿ ಐದು ಡೋಸು. ಒಡೆದು ನೀರು ಬೆರೆಸಿದರೆ ನಾಲ್ಕು ತಾಸಿನಲ್ಲಿ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಒಂದು ಮಗು ಬಂದರೂ ಒಡೆಯಿರಿ ಎಂದು ಸುತ್ತೋಲೆಯಲ್ಲಿದೆ. ಕನೀಜ್ ಸಿಸ್ಟರ್ ಹೋದ ವರ್ಷ ಹಾಗೇ ಒಡೆದಿದ್ದರು. ತಿಂಗಳ ಮೀಟಿಂಗಿನಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ, ನಾಲ್ಕು ಡೋಸು ಏಕೆ ವ್ಯರ್ಥ ಎಂದು ಎಲ್ಲರೆದುರು ಕೇಳಿದರು. ಸುತ್ತೋಲೆ ಗೋಡೆಗಿರುತ್ತದೆ. ಮೀಟಿಂಗಿನಲ್ಲಿ ಬೈಸಿಕೊಳ್ಳುವವರು ನಾವು. ಅವತ್ತಿನಿಂದ ಸಿಸ್ಟರ್ ಮೂರು ಮಕ್ಕಳಿಲ್ಲದೆ ವಯಲ್ ಮುಟ್ಟುವುದಿಲ್ಲ. “ಮುಂದಿನ ವಾರ ಕರ್ಕೊಂಡ್ ಬಾ ಶರಣವ್ವ, ಇನ್ನೆರಡ್ ಕೂಸು ಕೂಡ್ಲಿ” ಎಂದರು. ಸೂಜಿಯ ಜೊತೆ ಕುಡಿಸುವ ವಿಟಮಿನ್ ಸಿರಪ್ಪೂ ಹಾಗೇ ಉಳಿಯಿತು.

ಆದರೆ ಅವತ್ತೇ ಸಂಜೆ ತಿಂಗಳ ವರದಿ ಹೋಗಬೇಕಿತ್ತು. ನೂರಕ್ಕೆ ನೂರು ಬರದಿದ್ದರೆ ನಮ್ಮ ಊರಿನ ಹೆಸರು ಕೆಂಪು ಬಣ್ಣದಲ್ಲಿ ಬರುತ್ತದೆ. ಹೇಗೂ ಮುಂದಿನ ಗುರುವಾರ ಹಾಕಿಸುತ್ತೇವಲ್ಲ ಎಂದು ರಿಜಿಸ್ಟರಿನಲ್ಲಿ ರೈಟು ಹಾಕಿದೆ. ಕಾರ್ಡಿನಲ್ಲೂ ಹಾಕಿದೆ. ಅವರು ಬುಧವಾರ ಬಸ್ಸು ಹತ್ತಿದರು. ಒಂದು ದಿನ ತಡೆದಿದ್ದರೆ ಸರಿಯಾಗುತ್ತಿತ್ತು.

ನಿನಗೆ ಮೊದಲ ಪತ್ರದಲ್ಲೇ ಇದನ್ನು ಬರೆಯಬೇಕಿತ್ತು. ಒಂದು ಹೆಚ್ಚಾದರೆ ಏನೂ ಆಗುವುದಿಲ್ಲ ಎಂದು ಸುತ್ತಿ ಬಳಸಿ ಬರೆದೆ. ನನಗೆ ಈ ಕೆಲಸ ಬಿಟ್ಟರೆ ಬೇರೆ ಇಲ್ಲ, ಗಂಡ ಹೋಗಿ ಒಂಬತ್ತು ವರ್ಷ. ಅದೇ ಕಾರಣ. ಕೂಸಿನ ಕಣ್ಣಿನ ಮುಂದೆ ಅದು ಕಾರಣವಾಗದು.

ಈ ಪತ್ರವನ್ನೇ ನಿನ್ನ ಉತ್ತರಕ್ಕೆ ಲಗತ್ತಿಸು. ಕೆಳಗೆ ಪೂರ್ತಿ ಹೆಸರಿನ ಸಹಿ ಇದೆ.

ಶರಣವ್ವ, ಆಶಾ ಕಾರ್ಯಕರ್ತೆ, ಬೂದಗೋಳ


ಚನ್ನಿಗನಪಾಳ್ಯ
14 ಜೂನ್ 2025

ಅಕ್ಕಾ,

ನಿಮ್ಮಿಂದ ಇನ್ನೂ ಪತ್ರವಿಲ್ಲ. ನೋಟಿಸಿಗೆ ಇವತ್ತು ಉತ್ತರ ಕೊಟ್ಟೆ. ಹದಿನೈದು ದಿನ ಮುಗಿಯುತ್ತಿತ್ತು. ಕಾರ್ಡಿನ ಜೆರಾಕ್ಸ್ ಕೇಳಿದರು. ಕೊಟ್ಟೆ.

ಶೀತಲ್ ಊಟ ಮಾಡುತ್ತಿದ್ದಾಳೆ.

ಶಾಂತಲಾ


ಚನ್ನಿಗನಪಾಳ್ಯ
6 ಜುಲೈ 2025

ಅಕ್ಕಾ,

ನಿಮ್ಮ ಹನ್ನೊಂದರ ಪತ್ರ ನನಗೆ ಹದಿನೇಳಕ್ಕೆ ಸಿಕ್ಕಿತು. ನಾನು ಉತ್ತರ ಕೊಟ್ಟು ಮೂರು ದಿನವಾಗಿತ್ತು. ಅದರಲ್ಲಿ ಬರೆದದ್ದು: “ಯಾದಗಿರಿ ಜಿಲ್ಲೆಯ ಬೂದಗೋಳದ ಕಾರ್ಯಕರ್ತೆ ಶರಣವ್ವ ಅವರ ತಪ್ಪು ನಮೂದನ್ನು ನಂಬಿ ಮಗುವನ್ನು ಲಸಿಕೆ ಪೂರ್ಣಗೊಂಡ ಮಕ್ಕಳ ಪಟ್ಟಿಯಲ್ಲಿ ಸೇರಿಸಿರುತ್ತೇನೆ.” ವೆಂಕಟಲಕ್ಷ್ಮಮ್ಮ ಹೇಳಿದರು, ನಾನು ಬರೆದೆ. ಹೇಳಿದವರು ಅವರಾದರೂ ಕೈ ನನ್ನದು.

ಅದು ಸುಳ್ಳು. ನಾನು ನಿಮ್ಮ ಕಾರ್ಡನ್ನು ನಂಬಲಿಲ್ಲ, ಏಕೆಂದರೆ ಕಾರ್ಡನ್ನು ನೋಡಿರಲೇ ಇಲ್ಲ. ಮೊದಲ ಸಲ ನೋಡಿದ್ದು ಮೇ ತಿಂಗಳಲ್ಲಿ, ಆಸ್ಪತ್ರೆಯಲ್ಲಿ. ಏಪ್ರಿಲಿನಲ್ಲಿ ಕಾರ್ಡು ಸರಿ ಇದೆ ಎಂದು ಬರೆದದ್ದು ಸಿಟ್ಟಿಗೆ.

ಫೆಬ್ರವರಿಯಲ್ಲಿ ನಲವತ್ತೊಂದನೇ ಶೆಡ್ಡಿನ ಮುಂದೆ ನಿಂತಾಗ ಬಾಗಿಲ ತಗಡಿನ ಮೇಲೆ ಹಸಿರು ರೈಟು ಆಗಲೇ ಇತ್ತು. ನನ್ನದೇ ಬ್ರಷ್ಷು, ನನ್ನದೇ ಕೈ. ಯಾವಾಗ ಹಾಕಿದೆನೋ ನೆನಪಿರಲಿಲ್ಲ. ದಿನಕ್ಕೆ ಎಂಬತ್ತು ಮನೆ ಅಕ್ಕಾ. ನನಗೆ ಮರೆತದ್ದನ್ನು ಗುರುತು ನೆನಪಿಟ್ಟುಕೊಂಡಿದೆ ಎಂದುಕೊಂಡೆ. ಜೋಲಿ ಕಂಡಿತು, ಮುಂದಕ್ಕೆ ಹೋದೆ. ಒಳಗೆ ಕಾಲಿಡಲಿಲ್ಲ. ಮಚ್ಚೆ ನೋಡಿಲ್ಲ.

ನಿಮ್ಮ ಪತ್ರ ಓದಿದ ಮರುದಿನ ಸೈಟಿಗೆ ಹೋಗಿ ಎಪ್ಪತ್ತೆರಡು ಶೆಡ್ಡನ್ನೂ ಸುತ್ತಿದೆ. ಒಂದರ ಚಾವಣಿಯ ಮೇಲೆ ನನ್ನ ರೈಟು. ಒಂದರ ಒಲೆಯ ಹಿಂದೆ, ತಲೆಕೆಳಗಾಗಿ. ಕಕ್ಕಸಿನ ಮರೆಗೆ ಕಟ್ಟಿದ ಶೀಟಿನ ಮೇಲೂ ಒಂದು. ಯೋಗಾನಂದನನ್ನು ಕರೆದು ಕೇಳಿದೆ. “ಅವು ಕೆರೆಯಾಚೆ ಹಳೇ ಸೈಟಿನ ಶೀಟು ಮೇಡಂ. ಅಲ್ಲಿ ಕೆಲ್ಸ ಮುಗೀತು, ಬಿಚ್ಕೊಂಡ್ ಬಂದು ಇಲ್ಲಿ ಹೊಡುದ್ವಿ. ಒಂದ್ ಶೀಟು ಐದಾರು ಸೈಟ್ ನೋಡತ್ತೆ. ನೀವ್ ಬರ್ದಿದ್ದನ್ನ ನಾವ್ಯಾಕ್ ಅಳಿಸೋಣ?” ಎಂದ.

ಕೆರೆಯಾಚೆ ಹೋದ ವರ್ಷ ಯಾವುದೋ ಮನೆಯ ಮಕ್ಕಳಿಗೆ ಎಲ್ಲ ಸೂಜಿ ಆಗಿತ್ತು. ಅವರು ಊರಿಗೆ ಹೋದರು, ತಗಡು ಇಲ್ಲಿಗೆ ಬಂತು. ಆ ಐದು ಮಕ್ಕಳಲ್ಲಿ ನಾಲ್ಕು ಮಕ್ಕಳು ಅಂಥದೇ ತಗಡಿನ ಹಿಂದೆ ಇದ್ದವು. ದೀಪಾವಳಿ ಹೊತ್ತಿಗೆ ಈ ಶೀಟುಗಳು ಹೆಸರಘಟ್ಟದ ಕಡೆ ಹೋಗುತ್ತವಂತೆ. ಅಲ್ಲಿನ ಆಶಾಗೆ ನನ್ನ ಹೆಸರೂ ಗೊತ್ತಿಲ್ಲ, ನನ್ನ ರೈಟು ಅವಳಿಗೆ ಸಿಗುತ್ತದೆ.

ಮೂರು ದಿನ ಥಿನ್ನರ್ ಹಚ್ಚಿ ಒರೆಸಿದೆ. ಹಣಮವ್ವ ಶೀತಲ್‌ಳನ್ನು ಸೊಂಟದ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. “ಏನ್ ತೊಳೀತೀರಿ ಯಕ್ಕಾ?” ಎಂದಳು. “ನನ್ ತಪ್ಪು” ಎಂದೆ. “ತಗಡಿಗೆ ಹತ್ತ್ಯದೇನು?” ಎಂದು ಕೇಳಿ, ಅವಳೂ ಒಂದು ಬಟ್ಟೆ ತಂದಳು. ನಾನು ಬೇಡ ಎಂದೆ. ಶೀತಲ್ ಮುಖವನ್ನು ಅವತ್ತು ಸರಿಯಾಗಿ ನೋಡಿದೆ. ಎಡಗಿವಿಯ ಹಿಂದೆ ಮಚ್ಚೆ ಇದೆ.

ನಂತರ ಎರಡು ಬಸ್ಸು ಹಿಡಿದು, ಯಲಹಂಕ ದಾಟಿ, ಮೇಲಿನ ಆಫೀಸಿಗೆ ಎರಡನೇ ಉತ್ತರ ತೆಗೆದುಕೊಂಡು ಹೋದೆ. ಅದರಲ್ಲಿ ತಗಡಿನ ವಿಷಯ, ಕಾರ್ಡು ನೋಡದ ವಿಷಯ, ನಿಮ್ಮ ವಯಲ್ಲಿನ ವಿಷಯ ಎಲ್ಲ ಬರೆದಿದ್ದೆ. ಗುಮಾಸ್ತ ಸುಬ್ರಮಣಿ ತೆಗೆದುಕೊಳ್ಳಲಿಲ್ಲ.

“ಫೈಲು ಮುಗೀತಲ್ಲಮ್ಮಾ. ನಿಮಗೆ ಎಚ್ಚರಿಕೆ ಕೊಟ್ಟು ಬಿಟ್ಟಿದಾರೆ. ಆ ಜಿಲ್ಲೆಗೆ ಲೆಟರ್ ಹೋಗಿದೆ. ಬಚಾವಾದ್ರಲ್ಲ, ಮತ್ತ್ಯಾಕೆ ಬಂದು ತಲೆ ಕೊಡ್ತೀರಾ?”

“ತಲೆ ನಂದು ಸಾರ್. ಸೀಲು ನಿಮ್ದು. ಒತ್ತಿ.”

“ಮುಗಿದ ಫೈಲಿಗೆ ಪೇಪರ್ ಸೇರ್ಸಕ್ಕಾಗಲ್ಲ.”

“ಹೊಸ ಫೈಲ್ ಮಾಡಿ.”

“ಯಾವ ಸಬ್ಜೆಕ್ಟು ಅಂತ ಮಾಡ್ಲಿ?”

“ಒಂದು ಮಗುವಿನ ಕಣ್ಣು ಅಂತ ಮಾಡಿ.”

ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕೂವರೆಯವರೆಗೆ ಬಾಗಿಲಲ್ಲಿ ಕೂತೆ. ನಮಗೆ ಕೂರುವುದು ಗೊತ್ತಿದೆ, ಅವರಿಗೂ ಅದು ಗೊತ್ತಿದೆ. ಕೊನೆಗೆ ಒತ್ತಿದ. ಇನ್‌ವರ್ಡ್ ನಂಬರು 1187, ತಾರೀಖು 3 ಜುಲೈ. ಪ್ರತಿ ಇದರೊಂದಿಗಿದೆ. ನಿಮಗೆ ನೋಟಿಸು ಬಂದರೆ ಈ ನಂಬರು ಬರೆದು ಉತ್ತರ ಕೊಡಿ.

ಕೂತಲ್ಲಿ ಎದುರಿಗೇ ನೋಟಿಸ್ ಬೋರ್ಡು. ಹೊಸ ಸುತ್ತೋಲೆ ಅಂಟಿಸಿದ್ದರು. ಇನ್ನು ಮುಂದೆ ವಲಸೆ ಕಾರ್ಮಿಕರ ಎಲ್ಲ ಶೆಡ್ಡುಗಳಿಗೆ ಅಳಿಸಿಹೋಗದ ಪೇಂಟಿನಲ್ಲೇ ಗುರುತು ಹಾಕತಕ್ಕದ್ದು. ಪಕ್ಕದಲ್ಲಿ ಮಾದರಿ ಚಿತ್ರ. ಚಿತ್ರದಲ್ಲಿ ನನ್ನ ಹಸಿರು ರೈಟು.

ಅದರ ಬಗ್ಗೆಯೂ ಬರೆದು ಕೊಟ್ಟೆ. ನಂಬರು 1188.

ಕ್ಷಮಿಸಿ ಎಂದು ಬರೆಯುವುದು ಸುಲಭ. ಬರೆಯುತ್ತಿಲ್ಲ.

ಶಾಂತಲಾ


ಬೂದಗೋಳ
28 ಆಗಸ್ಟ್ 2025, ಗುರುವಾರ

ತಂಗಿ ಶಾಂತಲಾ,

ನೋಟಿಸು ಬಂತು, ನಿನ್ನ 1187 ಬರೆದು ಉತ್ತರ ಕೊಟ್ಟೆ. ವಯಲ್ಲಿನ ವಿಷಯವನ್ನೂ ಬರೆದೆ, ಮೀಟಿಂಗಿನಲ್ಲಿ ನಿಲ್ಲಿಸಿದ್ದನ್ನೂ ಬರೆದೆ. ಯಾರೂ ಓದಿದ ಹಾಗೆ ಕಾಣಲಿಲ್ಲ. ಸೆಪ್ಟೆಂಬರ್ ಒಂದರಿಂದ ನನ್ನನ್ನು ತೆಗೆದಿದ್ದಾರೆ. ಸುಳ್ಳು ನಮೂದು ಮಾಡಿದ್ದಕ್ಕೆ. ಮಾಡಿದ್ದು ಹೌದು. ಮಾಡಿಸಿದವರ ಹೆಸರಿಗೆ ಆ ಹಾಳೆಯಲ್ಲಿ ಜಾಗ ಇಲ್ಲ.

ನೀನು ನನ್ನ ಹೆಸರು ಬರೆದುಕೊಟ್ಟೆ ಎಂದು ಎರಡು ದಿನ ಸಿಟ್ಟಿತ್ತು. ಆಮೇಲೆ ಇಳಿಯಿತು. ಹೆಸರೇನು ಸುಳ್ಳಲ್ಲವಲ್ಲ.

ಹಣಮವ್ವ ಕೂಸನ್ನು ಕರೆದುಕೊಂಡು ಊರಿಗೆ ಬಂದಿದ್ದಾಳೆ. ಶಿವಪುತ್ರ ಅಲ್ಲೇ ಇದ್ದಾನೆ. ಶೀತಲ್ ಈಗ ನಡೆಯುತ್ತಾಳೆ. ಬಲಗಡೆ ಏನಿದ್ದರೂ ಬಡಿದುಕೊಳ್ಳುತ್ತಾಳೆ, ಅತ್ತು ಮತ್ತೆ ಎದ್ದು ನಡೆಯುತ್ತಾಳೆ. ತಾಯಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಹಣಮವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೆ ಇವತ್ತು ಗುರುವಾರ ಎಂದು ಹೇಳಿ ಕಳಿಸಿದಾಗ ಬಂದಳು.

ಹದಿನಾರು ತಿಂಗಳು ತುಂಬಿದೆ, ಎರಡನೇ ಡೋಸಿನ ಸಮಯ. ದಡಾರ ಬಂದು ಹೋದರೂ ಹಾಕಿಸಬೇಕು, ಅವಳಿಗೆ ಇದೇ ಮೊದಲನೆಯದು. ನಿನ್ನೆ ಗಣಪತಿ ಹಬ್ಬ. ಇವತ್ತು ಅಂಗನವಾಡಿಗೆ ಬೇರೆ ಯಾರೂ ಬರಲಿಲ್ಲ. ಹಣಮವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕನೀಜ್ ಸಿಸ್ಟರ್ ಹನ್ನೆರಡರವರೆಗೆ ಕಾದು, ಐಸ್ ಡಬ್ಬಿಯ ಮುಚ್ಚಳ ಹಾಕುತ್ತಾ, “ಒಂದೇ ಅದ ಶರಣವ್ವ, ಮುಂದಿನ ವಾರ...” ಎಂದರು.

“ಮುಂದಿನ ವಾರ ನಾ ಇರಾಂಗಿಲ್ರೀ” ಎಂದೆ.

ಅವರು ನನ್ನ ಮುಖ ನೋಡಿದರು. ಶೀತಲ್ ಮುಖ ನೋಡಿದರು. “ಮೀಟಿಂಗಿನ್ಯಾಗ ಕೇಳಿದ್ರ?”

“ಶರಣವ್ವ ಒಡಿಸಿದ್ಲು ಅನ್ರಿ. ನನ್ನ ಹೆಸರು ಹೇಳೋದು ಈಗ ಎಲ್ಲಾರಿಗೂ ರೂಢಿ ಆಗ್ಯದ.”

ಸಿಸ್ಟರ್ ಡಬ್ಬಿ ತೆರೆದರು. ವಯಲ್ ಒಡೆದು ನೀರು ಬೆರೆಸಿ ಸೂಜಿ ಹಾಕಿದರು, ವಿಟಮಿನ್ ಸಿರಪ್ಪು ಕುಡಿಸಿದರು. ಶೀತಲ್ ಜೋರಾಗಿ ಅತ್ತಳು. ಹಣಮವ್ವ ಕಾರ್ಡನ್ನು ನನ್ನ ಕೈಗೆ ಕೊಡಲಿಲ್ಲ, ಸಿಸ್ಟರ್ ಕೈಗೆ ಕೊಟ್ಟಳು. ಅದು ಸರಿಯೇ.

ಮೂರೂವರೆ ತಾಸು ಕಾದೆವು. ಯಾರೂ ಬರಲಿಲ್ಲ. ರಿಜಿಸ್ಟರು ಇನ್ನೂ ನನ್ನ ಹತ್ತಿರವೇ ಇತ್ತು. ಕೊನೆಯ ಸಾಲು ನಾನೇ ಬರೆದೆ. ನಿನಗೂ ಇಳಿಸಿ ಕಳಿಸುತ್ತಿದ್ದೇನೆ:

ಬಂದ ಮಕ್ಕಳು ಒಂದು. ಒಡೆದ ವಯಲ್ ಒಂದು. ಹಾಕಿದ ಡೋಸು ಒಂದು. ಚೆಲ್ಲಿದ್ದು ನಾಲ್ಕು. ಕಾರಣ: ಒಂದು ಮಗು ಬಂದಿತ್ತು.

ಶರಣವ್ವ